ಬಸ್ರಾ ವಕೀಲರು ಎಣಿಸಿದ ಮಂದೆ

ಮಡಕಶಿರಾದಲ್ಲಿ ಪ್ಲೀಡರು ಪಾಲಯ್ಯನವರ ಮನೆಗೆ ವ್ಯಾಜ್ಯ ಹೊತ್ತುಕೊಂಡು ಹೋದವರು ಮೊದಲು ಕುರಿಮರಿಗಳನ್ನು ದಾಟಬೇಕಿತ್ತು. ಅಂಗಳದಲ್ಲಿ ಮರಿ, ಜಗಲಿಯ ಕೆಳಗೆ ಮರಿ, ಕಾನೂನು ಪುಸ್ತಕದ ಬೀರುವಿನ ಪಕ್ಕದಲ್ಲೂ ಚಳಿಗೆ ಒಳಗೆ ತಂದ ಒಂದೆರಡು ಮರಿ. ಕಕ್ಷಿದಾರ ತನ್ನ ಗೋಳು ಹೇಳಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಮರಿಯೇ ಮೊದಲು ಮೇ ಅನ್ನುತ್ತಿತ್ತು. ಪಾಲಯ್ಯನವರ ಹೆಂಡತಿ ಚಿತ್ತಮ್ಮ ಗುಡಿಬಂಡೆ ಕಡೆಯವಳು, ಬಾಯಿ ಸ್ವಲ್ಪ ಜೋರು. ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು:

"ಯಾರೋ ಬಂದವ್ರೆ ನೋಡ್ರೀ! ಕೇಸಿನೋರೋ, ಕುರಿ ಕೊಳ್ಳೋರೋ ಕೇಳ್ಬುಟ್ಟು ಒಳಕ್ಕೆ ಕರೀರಿ. ಮೊನ್ನೆ ಆ ಯಪ್ಪ ಟಗರಿನ ಬೆಲೆ ಕೇಳುದ್ರೆ ನೀವು ಸೆಕ್ಷನ್ ಹೇಳ್ತಾ ಕುಂತಿದ್ರಿ."

ಕಪ್ಪು ಕೋಟು, ಬಿಳಿ ರುಮಾಲು, ಕಾಲಿಗೆ ಪಟಾಲಮ್ಮಿನ ಕಾಲದ ಬೂಟು. ಮೊದಲನೇ ಮಹಾಯುದ್ಧದಲ್ಲಿ ಸಮುದ್ರ ದಾಟಿ ಬಸ್ರಾಕ್ಕೆ ಹೋಗಿ ಬಂದವರಾದ್ದರಿಂದ ಜನರ ಬಾಯಲ್ಲಿ ಅವರು ಬಸ್ರಾ ವಕೀಲರು. ಕುರುಬರ ಸಂಘ ಕಟ್ಟಿದವರು, ಸುತ್ತಿನ ಹಟ್ಟಿಗಳ ಹುಡುಗರನ್ನು ಹಿಡಿದು ತಂದು ಶಾಲೆಗೆ ಹಾಕಿದವರು. ಎರಡು ತಾಲೂಕಿನಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಆದರೆ ಅಂಗಳದಲ್ಲಿ ಮರಿ ಎಷ್ಟಿವೆ ಸ್ವಾಮಿ ಅಂತ ಯಾರಾದರೂ ಕೇಳಿದರೆ "ಅದಾವಪ್ಪಾ" ಅನ್ನುವರು, ಅಷ್ಟೇ. ನಿಮ್ಮ ವಯಸ್ಸೆಷ್ಟು ಅಂದರೂ "ಆಗೈತಿ" ಅನ್ನುವರು.

ಆ ಮರಿಗಳು ಮಡಕಶಿರಾಕ್ಕೆ ಯಾಕೆ ಬಂದವು ಅನ್ನುವುದೇ ಅವರ ಬದುಕು. ಅದನ್ನು ಹೇಳಬೇಕಾದರೆ ರಾಯದುರ್ಗದ ಕಡೆಗೆ ಹೋಗಬೇಕು.

ರಾಯದುರ್ಗದಿಂದ ಹಗರಿ ಹೊಳೆಯ ದಿಕ್ಕಿಗೆ ನಡೆದರೆ ಉಡದ ಗುಡ್ಡ ಸಿಗುತ್ತದೆ. ದೊಡ್ಡ ಗುಡ್ಡವೇನಲ್ಲ. ತುಗ್ಗಲಿ, ಜಾಲಿ, ಕಾರೆ ಮುಳ್ಳು, ಮಳೆ ಬಿದ್ದ ವರ್ಷ ಮೊಣಕಾಲೆತ್ತರದ ಹುಲ್ಲು. ಬುಡದಲ್ಲಿ ಕುರುಬರ ಹಟ್ಟಿ. ಮನೆಗಿಂತ ಮನೆಯ ಮುಂದಿನ ರೊಪ್ಪವೇ ದೊಡ್ಡದು. ಸುತ್ತ ಮುಳ್ಳುಬೇಲಿ, ಒಳಗೆ ಕುರಿ. ಬೆಳಗಾದರೆ ಕುರಿ ಗುಡ್ಡ ಹತ್ತುವುದು, ಸಂಜೆಗೆ ಇಳಿಯುವುದು. ಆ ಗುಡ್ಡ ಯಾರದು ಅಂತ ಅಜ್ಜ ಮುತ್ತಜ್ಜಂದಿರ ಕಾಲದಿಂದ ಯಾರೂ ಕೇಳಿರಲಿಲ್ಲ. ಆಕಾಶ ಯಾರದು ಅಂತ ಕೇಳುತ್ತಾರೆಯೇ?

ಆ ಹಟ್ಟಿಯಲ್ಲಿ ಒಂದು ನಡಾವಳಿಯಿತ್ತು. ಕುರಿಯನ್ನು ಎಣಿಸಬಾರದು. ಎಣಿಸಿದ ಮಂದೆ ಎಣಿಸಿದಲ್ಲಿಗೇ ನಿಂತುಬಿಡುತ್ತದೆ, ಮುಂದಕ್ಕೆ ಬೆಳೆಯುವುದಿಲ್ಲ ಅಂತ ಅವರ ಭಯ. ಹಾಗಾದರೆ ಒಂದು ತಪ್ಪಿಸಿಕೊಂಡರೆ ಹೇಗೆ ಗೊತ್ತಾಗುತ್ತದೆ ಅಂತೀರಾ? ಮುಖದಿಂದ. ಸಂಜೆ ರೊಪ್ಪದ ಬಾಯಲ್ಲಿ ಯಜಮಾನ ನಿಲ್ಲುತ್ತಾನೆ, ಧೂಳೆಬ್ಬಿಸಿಕೊಂಡು ಮಂದೆ ಒಳಗೆ ನುಗ್ಗುತ್ತದೆ. ಕೊನೆಯ ಬಾಲ ಒಳಗಾಗುವಷ್ಟರಲ್ಲಿ ಅವನು ಹೇಳಿಬಿಡುತ್ತಾನೆ: "ಸೀಳುಕಿವಿಯಾಕಿ ಬಂದಿಲ್ಲ. ಹಳ್ಳದ ದಂಡಿಗೆ ನೋಡ್ರಿ."

ಪಾಲಯ್ಯ ಹುಟ್ಟಿದ್ದು ಆ ಹಟ್ಟಿಯಲ್ಲಿ. ಪ್ಲೇಗು ಬಂದ ವರ್ಷ ಒಂದೇ ವಾರದಲ್ಲಿ ಅಪ್ಪ ಅವ್ವ ಇಬ್ಬರೂ ಹೋದರು. ಅಣ್ಣ ಜುಂಜಣ್ಣ ಆಗಿನ್ನೂ ಮೀಸೆ ಮೂಡುತ್ತಿದ್ದ ಹುಡುಗ. ತಮ್ಮನನ್ನು ಕಂಬಳಿಯ ಮಡಿಕೆಯಲ್ಲಿ ಹೊತ್ತುಕೊಂಡೇ ಕುರಿ ಕಾಯ್ದ, ಮುಂದೆ ಹಟ್ಟಿಗೆ ಯಜಮಾನನೂ ಆದ. ಒಂದು ಸಲ ಕಚೇರಿಯಿಂದ ಹಟ್ಟಿಗೆ ಕಾಗದ ಬಂತು. ಓದಿಸಲು ಜುಂಜಣ್ಣ ರಾಯದುರ್ಗಕ್ಕೆ ಹೋದರೆ, ಓದು ಬಲ್ಲವರೊಬ್ಬರು ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಕೆಳಗೆ ಕೂಡಿಸಿ, ಕೊನೆಗೆ "ನಿಮ್ಮ ಕುರಿಗೇ ಓದಿಸ್ಕೋ ಹೋಗಯ್ಯ" ಅಂದರು. ಮರುದಿನ ಜುಂಜಣ್ಣ ತಮ್ಮನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅದೇ ದಾರಿಯಲ್ಲಿ ಹೋಗಿ ಶಾಲೆಯ ಬಾಗಿಲಲ್ಲಿ ಇಳಿಸಿದ.

"ಇವನಿಗೆ ಕಾಗದ ಓದೋದು ಕಲಿಸ್ರಿ. ಬ್ಯಾರೆ ಏನೂ ಕಲೀದಿದ್ರೂ ನಡೀತೈತಿ" ಅಂದ.

ಹುಡುಗ ಎಲ್ಲವನ್ನೂ ಕಲಿತ. ರಾಯದುರ್ಗ ಮುಗಿಸಿ ಬಳ್ಳಾರಿಗೆ ಹೋಗಿ ಮೆಟ್ರಿಕ್ ಪಾಸಾದ. ಆ ಸೀಮೆಯ ಕುರುಬರಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ.

ಆ ಇಂಗ್ಲಿಷೇ ಅವನನ್ನು ಬಸ್ರಾಕ್ಕೆ ಒಯ್ದಿತು. ಯುದ್ಧ ನಡೆದಿತ್ತು. ರಾಯದುರ್ಗದ ಸಂತೆಯಲ್ಲಿ ಸರ್ಕಾರದ ಕಾಗದ ಅಂಟಿಸಿದ್ದರು. ಹಟ್ಟಿಯ ಹುಡುಗರು ಗುಂಪುಗೂಡಿ "ಓದಲೇ ಪಾಲಯ್ಯಾ" ಅಂದರು. ಅವನು ಓದಿ ಹೇಳಿದ: ಬಸ್ರಾ ಅಂತ ಊರು, ಹಡಗಿನ ಸಾಮಾನು ಇಳಿಸೋ ಕೆಲಸ, ಬಂದೂಕು ಹಿಡಿಯೋದಿಲ್ಲ.

"ಮತ್ತ ನೀ ಹೋಗ್ತೀಯೇನು?" ಅಂತ ಒಬ್ಬ ಕೇಳಿದ.

ಪಾಲಯ್ಯನಿಗೆ ಸಮುದ್ರ ನೋಡುವ ಆಸೆ. "ಹೋಗ್ತೀನಿ" ಅಂದ.

"ಅವ ಹೋದ್ರ ನಾವೂ ನಡೀರಿ."

ಹೀಗೆ ಅವನ ಹಿಂದೆ ಅರವತ್ತೊಂದು ಜನ ಹೊರಟರು. ಕಾಗದ ಓದಿದ್ದು ಅವನು, ಹೋಗ್ತೀನಿ ಅಂದಿದ್ದೂ ಅವನು. ಬಸ್ರಾದಲ್ಲಿ ಅವನಿಗೆ ಹವಾಲ್ದಾರನ ಪಟ್ಟಿ ಸಿಕ್ಕಿತು. ಕೆಲಸ ಏನೆಂದರೆ ಎಣಿಸುವುದು. ಬೆಳಿಗ್ಗೆ ಸಾಲು ನಿಲ್ಲಿಸಿ, ತನ್ನ ಸೀಮೆಯ ಹುಡುಗರನ್ನು ತಲೆ ಎಣಿಸಿ, ದೊರೆಗೆ ಇಂಗ್ಲಿಷಿನಲ್ಲಿ ಹೇಳಬೇಕು. ಸಿಕ್ಸ್ಟಿ ವನ್ ಸರ್. ಮೊದಲ ತಿಂಗಳು ಹಾಗೇ ಹೇಳಿದ. ಬೇಸಿಗೆ ಬಂತು. ಆ ಊರಿನ ಬಿಸಿಲಿಗೆ ನಮ್ಮ ಬಿಸಿಲು ನೆರಳಿದ್ದ ಹಾಗೆ. ಹಿಂದೆಯೇ ವಾಂತಿಭೇದಿ. ಐವತ್ತೆಂಟು ಅಂದ, ಐವತ್ತು ಅಂದ. ಒಂದು ಬೆಳಿಗ್ಗೆ ಮೂವತ್ತೊಂಬತ್ತು ಅನ್ನುವಾಗ ಸಾಲಿನಲ್ಲಿದ್ದ ಒಬ್ಬ ಹುಡುಗ ಹೇಳಿದ, "ಪಾಲಣ್ಣಾ, ಒಂದು ದಿನ ಎಣಿಸಬ್ಯಾಡ. ಎಣಿಸದಿದ್ರ ಏನಾಗ್ತೈತಿ ನೋಡೂಣು." ಎಣಿಸದೆ ಇರುವ ಅಧಿಕಾರ ಹವಾಲ್ದಾರನಿಗೆ ಎಲ್ಲಿಯದು? ಮರುದಿನ ಆ ಹುಡುಗ ಸಾಲಿನಲ್ಲಿರಲಿಲ್ಲ.

ಇಪ್ಪತ್ತಮೂರು ಜನರ ಜೊತೆ ಅವನು ರಾಯದುರ್ಗದ ಸ್ಟೇಷನ್ನಿನಲ್ಲಿ ಇಳಿದ. ತಾಯಂದಿರು ಕಾದಿದ್ದರು. ಎಷ್ಟು ಜನ ಹೋದರು, ಎಷ್ಟು ಜನ ಬಂದರು ಅಂತ ಒಬ್ಬರೂ ಕೇಳಲಿಲ್ಲ. ಒಂದೊಂದೇ ಹೆಸರು ಹಿಡಿದು ಕೇಳಿದರು. ಅವನು ಒಂದೊಂದೇ ಹೆಸರಿಗೆ ಇಲ್ಲವೆಂದು ತಲೆ ಆಡಿಸಿದ. ಅಂಬಮ್ಮ ಅನ್ನುವ ವಿಧವೆ ಮಾತ್ರ ಕೇಳಲೇ ಇಲ್ಲ. ಇಳಿದವರ ಮುಖಗಳನ್ನು ಒಂದು ಸಲ ನೋಡಿದಳು, ತಿರುಗಿ ಹಟ್ಟಿಯ ದಾರಿ ಹಿಡಿದಳು. ಸಾಲಿನಲ್ಲಿ ಎಣಿಸಬ್ಯಾಡ ಅಂದ ಹುಡುಗ ಅವಳ ಮಗ.

ನಾನು ಎಣಿಸಿದ್ದಕ್ಕೆ ಅವರು ಸತ್ತದ್ದಲ್ಲ ಅಂತ ಪಾಲಯ್ಯ ತನಗೆ ತಾನೇ ಸಾವಿರ ಸಲ ಹೇಳಿಕೊಂಡ. ವಾದ ಸರಿಯಾಗಿಯೇ ಇತ್ತು. ಆದರೆ ನಿದ್ದೆ ವಾದ ಕೇಳುವುದಿಲ್ಲವಲ್ಲ. ಮಾಡಿದ್ದಕ್ಕೆ ಏನಾದರೂ ತುಂಬಿಕೊಡಬೇಕು ಅನಿಸಿ ಮದರಾಸಿಗೆ ಹೋಗಿ ಪ್ಲೀಡರ್ ಪರೀಕ್ಷೆ ಬರೆದ, ಪಾಸಾದ. ಗುಡಿಬಂಡೆಯ ಚಿತ್ತಮ್ಮನನ್ನು ಕೈಹಿಡಿದು, ಮಾವನ ಆಸರೆಯಲ್ಲಿ ಮಡಕಶಿರಾದಲ್ಲಿ ಮನೆ ಮಾಡಿದ. ಕಪ್ಪು ಕೋಟು ತೊಟ್ಟ ಮೇಲೆ ನಾವೂ ಬಹುವಚನ ಹಚ್ಚಬೇಕು: ಪಾಲಯ್ಯನವರಾದರು. ಬಸ್ರಾದಲ್ಲಿ ಸತ್ತವರ ಮನೆಗಳಿಗೆ ಪಿಂಚಣಿ ಕೊಡಿಸಲು ಅವರು ಬರೆದ ಅರ್ಜಿಗಳೇ ಒಂದು ಗಾಡಿಯಷ್ಟು. ಅಂಬಮ್ಮನ ಅರ್ಜಿ ಮೊದಲನೆಯದು.

ಅವರು ವಕೀಲರಾಗಿ ಐದಾರು ವರ್ಷಕ್ಕೆ ಉಡದ ಗುಡ್ಡಕ್ಕೆ ನೋಟೀಸು ಬಂತು. ಗುಡ್ಡವನ್ನು ಸರ್ಕಾರ ಕಾಯ್ದಿಟ್ಟ ಅಡವಿ ಮಾಡುತ್ತದೆ. ಮೇಯಿಸುವ ಹಕ್ಕು ಯಾರಿಗಾದರೂ ಇದ್ದರೆ ಮೂರು ತಿಂಗಳೊಳಗೆ ರುಜುವಾತು ಮಾಡಬೇಕು. ಮಾಡದಿದ್ದರೆ ಹಕ್ಕು ಸತ್ತಂತೆ.

ಈ ಸಲ ಕಾಗದ ಓದಿಸಲು ಜುಂಜಣ್ಣ ಯಾರ ಕಟ್ಟೆಯ ಕೆಳಗೂ ಕೂಡಬೇಕಾಗಿರಲಿಲ್ಲ. ನೋಟೀಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕಲ್ಯಾಣದುರ್ಗದ ಮೇಲೆ ನಾಲ್ಕು ದಿನ ನಡೆದು ಮಡಕಶಿರಾಕ್ಕೆ ಬಂದು, ತಮ್ಮನ ಮೇಜಿನ ಮೇಲಿಟ್ಟ.

"ಓದು. ಇದಕ್ಕಂತನೇ ನಿನ್ನ ಓದಿಸಿದ್ದು" ಅಂದ.

ಪಾಲಯ್ಯನವರು ಓದಿ ನಕ್ಕರು. "ಅಣ್ಣಾ, ಇದು ಬಹಳ ಸಣ್ಣ ಕೇಸು. ನಾವು ತಲೆತಲಾಂತರದಿಂದ ಮೇಯಿಸಿದ್ದಕ್ಕೆ ನೂರು ಸಾಕ್ಷಿ ಅದಾವು. ಗುಡ್ಡ ಎಲ್ಲಿಗೂ ಹೋಗಂಗಿಲ್ಲ."

ದಸರೆಯ ಮುಂಚೆ ರಾಯದುರ್ಗದ ಬಂಗಲೆಯಲ್ಲಿ ವಿಚಾರಣೆ. ಬಂದ ಸೆಟ್ಲ್‌ಮೆಂಟ್ ಸಾಹೇಬ ಕೆಟ್ಟವನಲ್ಲ. ಸಾಕ್ಷಿಗಳನ್ನು ಕೇಳಿದ, ಹಕ್ಕಿದೆ ಅಂತ ಒಪ್ಪಿದ. ಒಂದೇ ಒಂದು ಕಾಲಂ ಖಾಲಿ ಇತ್ತು. ಎಷ್ಟು ಕುರಿ?

ಕಚೇರಿಯ ಗುಮಾಸ್ತ ಗೋಪಣ್ಣ ಅದನ್ನು ಕನ್ನಡದಲ್ಲಿ ಕೇಳಿದ. ಜುಂಜಣ್ಣ ನೇಮಕಲ್ಲು ಹನುಮಪ್ಪನ ಮೇಲೆ ಪ್ರಮಾಣ ಮಾಡಿ ನಿಂತಿದ್ದ.

"ನಿಮ್ಮ ಹಟ್ಟಿ ಕುರಿ ಎಷ್ಟಪ್ಪಾ?"

"ಅದಾವ್ರಿ."

"ಎಷ್ಟು?"

"ಎಲ್ಲಾ ಇಳದು ಬಂದ್ರ ಹಾದಿ ಕಾಣಂಗಿಲ್ರಿ."

"ನೂರೋ, ಇನ್ನೂರೋ, ಸಾವಿರವೋ?"

"ಹಂಗ ಕೇಳಬಾರದ್ರಿ. ಮಕ್ಕಳೆಷ್ಟು ಅಂತ ಸಾಹೇಬ್ರನ್ನ ಯಾರಾರ ಕೇಳಿದ್ರ ಅವರು ಹೇಳ್ತಾರೇನು?"

ಗೋಪಣ್ಣ ಅದನ್ನೂ ಸಾಹೇಬನಿಗೆ ಹೇಳಿದ. ಸಾಹೇಬ ನಕ್ಕು, ಮೂರು ಬೆರಳೆತ್ತಿ, "ಮೂರು" ಅಂದ.

ಜುಂಜಣ್ಣನ ಮುಖ ಬಾಡಿತು. "ಅಯ್ಯೋ, ಹೇಳೇಬಿಟ್ರಲ್ರೀ" ಅಂತ ನೆಲ ಮುಟ್ಟಿ ಹಣೆಗೊತ್ತಿಕೊಂಡ. "ಇರಲಿ ಬಿಡ್ರಿ, ತಣ್ಣಗಿರಲಿ ಹುಡುಗ್ರು."

ಅಂಕಿ ಬೇಕೇ ಬೇಕು ಅಂತ ಪಾಲಯ್ಯನವರು ಅಣ್ಣನಿಗೆ ಕಣ್ಣಲ್ಲೇ ಬೇಡಿಕೊಂಡರು. ಜುಂಜಣ್ಣ ಯೋಚಿಸಿ, "ಎಣಿಸಾಕ ಬರಂಗಿಲ್ಲ, ಹೇಳಾಕ ಬರ್ತೈತಿ. ಬರ್ಕೊಳ್ರಿ" ಅಂದು ಶುರುಮಾಡಿದ. ಸೀಳುಕಿವಿಯಾಕಿ. ಅವಳ ಮಗಳು, ಬೆನ್ನ ಮೇಲೆ ಕಂದು ಪಟ್ಟಿ. ಕಂದುಪಟ್ಟಿಯ ತಂಗಿ ಕುಂಟಿ, ಕುಂಟೋದಿಲ್ಲ ಈಗ. ತೋಳದ ಬಾಯಿಂದ ಬಿಡಿಸಿಕೊಂಡ ಬೊಳ್ಳಿ. ಬೊಳ್ಳಿಯ ಮೊದಲ ಸೂಲಿನವಳು. ಗೋಪಣ್ಣ ಬರೆದೇ ಬರೆದ. ಸಾಹೇಬ ತಾಳ್ಮೆಯಿಂದ ಕೇಳಿದ. ಊಟದ ಹೊತ್ತಾದರೂ ಜುಂಜಣ್ಣ ಇನ್ನೂ ಸೀಳುಕಿವಿಯ ಮೊಮ್ಮಕ್ಕಳಲ್ಲೇ ಇದ್ದ.

ಸಾಹೇಬ ಪೆನ್ನು ಕೆಳಗಿಟ್ಟ. "ಪ್ಲೀಡರ್, ನಾಳೆ ಬೆಳಿಗ್ಗೆ ನನ್ನ ಕ್ಯಾಂಪು ಎತ್ತುತ್ತದೆ. ನಾಳೆಗೆ ಮೂರು ತಿಂಗಳೂ ತೀರುತ್ತದೆ. ಸಂಜೆಯೊಳಗೆ ಮಂದೆಯನ್ನು ಇಲ್ಲಿಗೆ ಹೊಡೆಸು. ನಿನ್ನ ಕಡೆಯವರೊಬ್ಬರು ಎಣಿಸಲಿ, ನನ್ನ ಗುಮಾಸ್ತನೂ ಎಣಿಸಲಿ. ಎರಡೂ ಒಂದೇ ಬಂದರೆ ಬರೆದುಬಿಡುತ್ತೇನೆ. ಅಂಕಿ ಇಲ್ಲದೆ ಹಕ್ಕು ಕೊಡಲು ನನಗೆ ಅಧಿಕಾರವಿಲ್ಲ."

ಹಟ್ಟಿಯವರಲ್ಲಿ ಎಣಿಸುವವರು ಯಾರಿದ್ದಾರೆ? ಇದ್ದವರು ಒಬ್ಬರೇ.

ಸಂಜೆ ಬಂಗಲೆಯ ಮುಂದೆ ಮುಳ್ಳು ಎಳೆದು, ಒಂದೊಂದೇ ಕುರಿ ದಾಟುವಷ್ಟು ಬಾಯಿ ಬಿಟ್ಟರು. ಹಟ್ಟಿಯೆಲ್ಲ ಬಂದಿತ್ತು. ಅಂಬಮ್ಮ ಗುಂಪಿನಿಂದ ಮುಂದೆ ಬಂದಳು.

"ಪಾಲಯ್ಯಾ, ನನ್ನ ಮಗನ್ನೂ ದಿನಾ ನೀನೇ ಎಣಿಸ್ತಿದ್ದೆಂತ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಇವನ್ನ ಬ್ಯಾಡಪ್ಪಾ."

"ಅಮ್ಮಾ, ಎಣಿಸದಿದ್ರ ಗುಡ್ಡ ಹೋಗ್ತೈತಿ."

"ಎಣಿಸಿದ್ರ?"

"ಉಳೀತೈತಿ."

ಅವಳು ಜುಂಜಣ್ಣನ ಕಡೆ ನೋಡಿದಳು. ಅವನು ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಂದೆಗೆ ಬೆನ್ನು ಹಾಕಿ ನಿಂತ. ಎಣಿಸು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಂಬಮ್ಮ ಪಕ್ಕಕ್ಕೆ ಸರಿದಳು.

ಕುರಿ ದಾಟತೊಡಗಿದವು. ಒಂದು ಪಕ್ಕ ಗೋಪಣ್ಣ, ಇನ್ನೊಂದು ಪಕ್ಕ ಪಾಲಯ್ಯನವರು. ಕನ್ನಡದಲ್ಲಿ ಒಂದು ಅನ್ನಲು ನಾಲಿಗೆ ಹೊರಳಲಿಲ್ಲ. ಇಂಗ್ಲಿಷಿನಲ್ಲಿ ಎಣಿಸಿದರು. ಅರವತ್ತೊಂದಕ್ಕೆ ಬಂದಾಗ ಎಣಿಕೆ ನಿಂತಿತು. ಗೋಪಣ್ಣ, "ಅರವತ್ತೊಂದು. ಮುಂದಕ್ಕ ನಡೀರಿ ವಕೀಲ್ರೇ, ಹೊತ್ತು ಮುಳುಗ್ತೈತಿ" ಅಂದ. ನಡೆದರು. ಕೊನೆಯ ಕುರಿ ದಾಟಿದಾಗ ಇಬ್ಬರ ಬಾಯಲ್ಲೂ ಒಂದೇ ಅಂಕಿ ಬಂತು. ನಾನೂರ ಮೂವತ್ತೇಳು. ಪಾಲಯ್ಯನವರು ಕೆಳಗೆ ರುಜು ಹಾಕಿದರು. ಸಾಹೇಬ ಕೈ ಕುಲುಕಿದ. ಹಟ್ಟಿಯ ಹುಡುಗರು ವಕೀಲರನ್ನು ಎತ್ತಿಕೊಂಡು ಕುಣಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವರಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಹುಕುಂ ಕೈಗೆ ಬಂದದ್ದು ದೀಪಾವಳಿ ಕಳೆದ ಮೇಲೆ. ಅದನ್ನು ಓದಿ ಹೇಳಲು ಪಾಲಯ್ಯನವರು ತಾವೇ ಹಟ್ಟಿಗೆ ಬಂದರು. ದೀಪಾವಳಿಯ ಹಿಂದುಮುಂದೆ ಕುರಿ ಈಯುವ ಕಾಲ. ರೊಪ್ಪದ ತುಂಬ ಹೊಸ ಮರಿ. ಅವುಗಳ ಕೂಗಿನಲ್ಲಿ ಓದಿದ್ದು ಕೇಳಿಸುತ್ತಿರಲಿಲ್ಲ, ಕಲ್ಲಿನ ಮೇಲೆ ಹತ್ತಿ ನಿಂತು ಓದಿದರು. ಉಡದ ಗುಡ್ಡದಲ್ಲಿ ಮೇಯಿಸುವ ಹಕ್ಕು ಸದರಿ ಹಟ್ಟಿಯವರಿಗೆ ಇರತಕ್ಕದ್ದು. ಜನ ಹೋ ಅಂದರು. ಸದರಿ ಹಕ್ಕು ವಂಶಪಾರಂಪರ್ಯವಾಗಿ ನಡೆಯತಕ್ಕದ್ದು. ಮತ್ತೆ ಹೋ ಅಂದರು. ಮೂರನೆಯ ಸಾಲಿಗೆ ಅವರ ದನಿ ತಗ್ಗಿತು. ಸದರಿ ಕುರಿಗಳ ಸಂಖ್ಯೆ ನಾನೂರ ಮೂವತ್ತೇಳು, ಅದನ್ನು ಎಂದೆಂದಿಗೂ ಮೀರತಕ್ಕದ್ದಲ್ಲ.

ಯಾರೂ ಹೋ ಅನ್ನಲಿಲ್ಲ. ಜುಂಜಣ್ಣ ಕೈಯಲ್ಲಿದ್ದ ಎಳೆಮರಿಯನ್ನು ನೋಡಿದ, ಕಾಗದವನ್ನು ನೋಡಿದ.

"ತಮ್ಮಾ, ಹೊಟ್ಟೆಯಾಗಿದ್ದವು ಎಲ್ಲಿ ಅದಾವ ಇದರಾಗ?"

ಬಂಗಲೆಯ ಮುಂದೆ ಮುಳ್ಳು ದಾಟಿದ ಕುರಿಗಳಲ್ಲಿ ಅರ್ಧಕ್ಕರ್ಧ ಗಬ್ಬವಾಗಿದ್ದವು. ಕುರುಬರ ಐದು ವರ್ಷದ ಕೂಸಿಗೂ ಅದು ಕಾಣುತ್ತದೆ. ಕುರುಬರ ಮನೆಯಲ್ಲಿ ಹುಟ್ಟಿ, ಕಂಬಳಿಯ ಮಡಿಕೆಯಲ್ಲಿ ಬೆಳೆದ ಪಾಲಯ್ಯನವರು ಆ ಸಂಜೆ ತಲೆ ನೋಡಿದರು, ಹೊಟ್ಟೆ ನೋಡಲಿಲ್ಲ. ಬಸ್ರಾದಲ್ಲಿ ತಲೆ ಎಣಿಸಿ ಎಣಿಸಿ ಕಣ್ಣಿಗೆ ಅದೇ ಅಭ್ಯಾಸವಾಗಿತ್ತು.

ಮೇಲ್ಮನವಿ ಹಾಕಿದರು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರಾ ಅನಂತಪುರಕ್ಕೆ. ಅನಂತಪುರದಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಮದರಾಸಿಗೆ ಕಾಗದ ಓಡಾಡಿತು. ಎಲ್ಲ ಕಡೆಯಿಂದ ಬಂದ ಉತ್ತರ ಒಂದೇ: ಎಣಿಸಿದವರು ನೀವೇ, ರುಜುವೂ ನಿಮ್ಮದೇ, ಅದೂ ಕಾನೂನು ಬಲ್ಲ ಪ್ಲೀಡರ ರುಜು. ಪಾಲಯ್ಯನವರು ಊರವರ ಎಷ್ಟೋ ಕೇಸು ಗೆದ್ದರು. ಎದುರಾಳಿಯ ರುಜುವನ್ನು ಹಿಂಜಿ ಹಿಂಜಿ ಸುಳ್ಳು ಮಾಡುವುದರಲ್ಲಿ ಎತ್ತಿದ ಕೈ. ತಮ್ಮ ರುಜುವಿನ ಮುಂದೆ ಮಾತ್ರ ಬಾಯಿ ಕಟ್ಟಿತು.

ಗುಡ್ಡಕ್ಕೆ ಬೇಲಿ ಬಂತು, ಗೇಟು ಬಂತು. ಗೇಟಿಗೆ ಫಾರೆಸ್ಟು ಗಾರ್ಡು ಹನುಮಂತಯ್ಯ ಬಂದ. ಬೆಳಿಗ್ಗೆ ಮಂದೆ ಗೇಟು ದಾಟುವಾಗ ಕೋಲು ಚಾಚಿ ಗಟ್ಟಿಯಾಗಿ ತೆಲುಗಿನಲ್ಲಿ ಎಣಿಸುತ್ತಿದ್ದ: ಒಕಟಿ, ರೆಂಡು, ಮೂಡು. ಹಟ್ಟಿಯ ಹೆಂಗಸರು ಆ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಂಡಸರು ಕಂಬಳಿಯ ತುದಿ ಕಿವಿಗೆ ತುರುಕಿಕೊಳ್ಳುತ್ತಿದ್ದರು. ಯಾವುದನ್ನು ವರ್ಷಕ್ಕೊಮ್ಮೆಯೂ ಮಾಡಬಾರದು ಅಂತಿತ್ತೋ ಅದು ದಿನಾ ನಡೆಯಿತು. ಮಂದೆಯೂ ಎಣಿಸಿದಲ್ಲಿಗೇ ನಿಂತಿತು, ಅವರು ಹೆದರಿದ್ದ ಹಾಗೆಯೇ. ರೋಗ ಬಂದು ನಿಂತದ್ದಲ್ಲ. ಕಾಗದ ಬಂದು ನಿಂತದ್ದು.

ಹೆಚ್ಚಾದ ಮರಿಗಳನ್ನು ಏನು ಮಾಡುವುದು? ಮೊದಲ ವರ್ಷ ಹಟ್ಟಿಯವರು ಅತ್ತುಕೊಂಡು ಮಾರಿದರು. ಎರಡನೆಯ ವರ್ಷ ಪಾಲಯ್ಯನವರು ಗಾಡಿ ಕಟ್ಟಿಸಿಕೊಂಡು ಬಂದು, "ಇವು ನನ್ನ ರುಜುವಿನಾಗ ಬಿಟ್ಟುಹೋದವು, ನನಗ ಕೊಡ್ರಿ" ಅಂದರು. ಅಂದಿನಿಂದ ದೀಪಾವಳಿ ಕಳೆದರೆ ಮರಿಗಳ ಗಾಡಿ ಕಲ್ಯಾಣದುರ್ಗದ ಮೇಲೆ ಮಡಕಶಿರಾಕ್ಕೆ ಬರುವುದು ಒಂದು ಪದ್ಧತಿಯಾಯಿತು. ಸುತ್ತಿನ ಹಳ್ಳಿಗಳ ಬಡ ಕುರುಬರಿಗೆ ಹಂಚುವಷ್ಟು ಹಂಚಿ, ಉಳಿದವು ಅಂಗಳದಲ್ಲಿ.

ಚಿತ್ತಮ್ಮ ಮೊದಮೊದಲು ಬೈದಳು. "ಕೋರ್ಟಿನಾಗೆ ನಿಮ್ ಫೈಲ್ ಬಿಚ್ಚುದ್ರೆ ಹಿಕ್ಕೆ ಉದುರ್ತಾವಂತೆ. ಮ್ಯಾಜಿಸ್ಟ್ರೇಟ್ರು ಇದು ಯಾವ ಎಕ್ಸಿಬಿಟ್ಟು ಅಂತ ಕೇಳುದ್ರಂತಲ್ರೀ!" ಆಮೇಲೆ ಅವಳೇ ಹಾಲಿನ ಬಟ್ಟೆ ಹಿಡಿದು ತಾಯಿಬಿಟ್ಟ ಮರಿಗಳಿಗೆ ಕುಡಿಸಿದಳು. ಪಾಲಯ್ಯನವರಂತೂ ವರ್ಷಕ್ಕೊಂದು ಅರ್ಜಿ ತಪ್ಪಿಸಲಿಲ್ಲ. ಸಾಹೇಬರು ಬದಲಾದರು, ಮೇಜು ಬದಲಾಯಿತು, ಇನ್ನೊಂದು ಮಹಾಯುದ್ಧವೂ ಬಂದು ಮುಗಿಯಿತು. ಅಂಕಿ ಬದಲಾಗಲಿಲ್ಲ.

ಆ ಯುದ್ಧ ಮುಗಿದ ಮರುವರ್ಷ ಹತ್ತೊಂಬತ್ತನೆಯ ಅರ್ಜಿಗೆ ಉತ್ತರ ಬಂತು. ಈ ವಿಷಯದಲ್ಲಿ ಇನ್ನು ಮುಂದೆ ಅರ್ಜಿ ಸ್ವೀಕರಿಸಲಾಗುವುದಿಲ್ಲ. ಆ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಪಾಲಯ್ಯನವರು ಹಟ್ಟಿಗೆ ಬಂದರು. ತಲೆ ಪೂರ್ತಿ ನರೆತಿತ್ತು. ಜುಂಜಣ್ಣನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಆದರೂ ಬೆಳಗಾದರೆ ಮಂದೆಯ ಹಿಂದೆ ಗೇಟಿನವರೆಗೆ ಬರುತ್ತಿದ್ದ. ಅಂದು ತಮ್ಮನೂ ಜೊತೆಗೆ ನಡೆದರು. ಕಾಗದದ ಮಾತು ಹೇಗೆ ಎತ್ತುವುದು ಅಂತ ತೋಚಲಿಲ್ಲ.

ಗೇಟಿಗೆ ಇನ್ನು ಹತ್ತು ಹೆಜ್ಜೆ ಇರುವಾಗ ಕೊನೆಯ ಕುರಿಯೊಂದು ಕಾಲು ಮಡಚಿ ಕೂತಿತು. ನೋಡುನೋಡುತ್ತಿದ್ದಂತೆ ಈದಿತು. ಹನುಮಂತಯ್ಯನ ಎಣಿಕೆ ನಾನೂರ ಮೂವತ್ತಾರಕ್ಕೆ ನಿಂತಿತ್ತು. ಕೋಲು ಅಡ್ಡ ಹಿಡಿದ.

"ಇನ್ನ ಒಂದೇ ಬಿಡ್ತೀನ್ರಿ. ತಾಯೋ, ಮರಿಯೋ, ನೀವೇ ಹೇಳ್ರಿ."

"ಈಗ ಹುಟ್ಟಿದ್ದಲ್ಲೋ ಹನುಮಂತಯ್ಯಾ. ಇನ್ನೂ ಕಣ್ಣೊರಸಿಲ್ಲ" ಅಂದ ಜುಂಜಣ್ಣ.

"ಒರಸ್ರಿ ಯಜಮಾನ್ರೇ, ಬ್ಯಾಡ ಅಂದ್ನೇನು? ಎಣಿಕೆಗೆ ಮಾತ್ರ ಬಂದ್ಬಿಡ್ತೈತಿ. ಈ ವಾರ ರೇಂಜರು ಸಾಬ್ರು ಅಡವಿಯೊಳಗೇ ಎಣಿಸ್ತಾರಂತ."

ಅಷ್ಟರಲ್ಲಿ ಪಾಲಯ್ಯನವರು ಬಗ್ಗಿ ಆ ಒದ್ದೆ ಮರಿಯನ್ನು ಎತ್ತಿ ಕಪ್ಪು ಕೋಟಿನೊಳಗೆ ಸೇರಿಸಿಕೊಂಡರು. ಗುಂಡಿ ಹಾಕಿದರು. ಜೀವಮಾನದಲ್ಲಿ ಕೋರ್ಟಿನಲ್ಲಿ ಒಂದು ಸುಳ್ಳು ಕಾಗದ ಹಾಜರುಮಾಡದ ಮನುಷ್ಯ, ಏನೂ ಅರಿಯದವರ ಹಾಗೆ ಗೇಟಿನ ಕಡೆ ನಡೆದರು. ತಾಯಿ ಕುರಿ ಎದ್ದು ಕೋಟನ್ನು ಮೂಸುತ್ತ ಹಿಂದೆ ಬಂತು. ಗೇಟಿನ ಬಾಯಲ್ಲಿ ಕೋಟಿನೊಳಗಿಂದ ಸಣ್ಣಗೆ ಮೇ ಅಂತ ಕೇಳಿಸಿತು.

ಹನುಮಂತಯ್ಯ ನಗಲಿಲ್ಲ. ಅವನಿಗೆ ಅಳು ಬಂದ ಹಾಗಿತ್ತು. "ವಕೀಲ್ ಸಾಬ್ರೇ, ನಿಮ್ಮ ಕೋಟಿಗೆ ನನ್ನ ಕೈಲಿ ಕೈ ಹಾಕಿಸಬ್ಯಾಡ್ರಿ. ನಮ್ಮ ಹುಡುಗನ್ನ ಓದಾಕ ಸಾಲಿಗೆ ಹಚ್ಚಿದವ್ರು ನೀವು."

ಪಾಲಯ್ಯನವರು ಗುಂಡಿ ಬಿಚ್ಚಿ ಮರಿಯನ್ನು ಕೆಳಗಿಟ್ಟರು. ಅಣ್ಣ ತಮ್ಮ ಇಬ್ಬರೂ ಕುರಿ ಮರಿಯೊಂದಿಗೆ ಗೇಟಿನ ಹೊರಗೆ ತುಗ್ಗಲಿ ಮರದ ಕೆಳಗೆ ಕೂತರು. ಮಂದೆ ಗುಡ್ಡ ಹತ್ತಿಹೋಯಿತು. ಪಾಲಯ್ಯನವರು ಜೇಬಿನ ಕಾಗದ ತೆಗೆದರು, ಓದಲಿಲ್ಲ. ಜುಂಜಣ್ಣನೂ ಓದು ಅನ್ನಲಿಲ್ಲ.

"ಅವತ್ತು ನಾನು ಹೊಟ್ಟೆ ನೋಡಬೇಕಿತ್ತಣ್ಣಾ."

ಜುಂಜಣ್ಣ ಕಂಬಳಿಯ ತುದಿಯಿಂದ ಮರಿಯ ಮೂಗು ಒರೆಸುತ್ತಿದ್ದ. "ನನಗ ಗೊತ್ತಿತ್ತು" ಅಂದ.

"ಏನು ಗೊತ್ತಿತ್ತು?"

"ಗಬ್ಬದ ಕುರಿ ಹೆಜ್ಜಿ ಸಪ್ಪಳಾನೇ ಬ್ಯಾರೆ. ಬೆನ್ನು ಹಾಕಿ ನಿಂತ್ರೂ ಕೇಳ್ತೈತಿ. ಒಂದೊಂದೂ ಕೇಳಿಸ್ತು ಅವತ್ತು."

ಪಾಲಯ್ಯನವರು ಅಣ್ಣನ ಕಡೆ ತಿರುಗಿದರು. "ಮತ್ತ ಯಾಕ ಹೇಳಲಿಲ್ಲ?"

"ಎಣಿಸೋ ಮುಂದ ಮಾತಾಡಬಾರದು ಅಂದ್ಕೊಂಡೆ." ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿದು ಹೇಳಿದ, "ಮತ್ತ ನೀ ಓದಿದವ. ಹೊಟ್ಟೆಯಾಗಿದ್ದವಕ್ಕೂ ಕಾಗದದಾಗ ಏನಾರ ಜಾಗ ಮಾಡಿರ್ತೀ ಅಂದ್ಕೊಂಡೆ."

ವಕೀಲರು ಕಾಗದವನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು. ಬಿಸಿಲು ಮರದ ಬುಡಕ್ಕೆ ಬಂದಾಗ ಜುಂಜಣ್ಣನೇ, "ಈ ಕಡೆ ಸರಿ, ಬಿಸಿಲು ಬಡೀತೈತಿ" ಅಂತ ತಮ್ಮನಿಗೂ ಮರಿಗೂ ಜಾಗ ಮಾಡಿಕೊಟ್ಟ. ಮಂದೆ ಇಳಿಯುವವರೆಗೆ ಅಲ್ಲೇ ಕೂತಿದ್ದರು.

ಮರುದಿನ ಬೆಳಿಗ್ಗೆ ಪಾಲಯ್ಯನವರು ತಾಯಿಯನ್ನೂ ಮರಿಯನ್ನೂ ಗಾಡಿಗೆ ಹತ್ತಿಸಿಕೊಂಡು ಮಡಕಶಿರಾಕ್ಕೆ ಹೊರಟರು. ಜುಂಜಣ್ಣ ಗಾಡಿಯ ಪಕ್ಕಕ್ಕೆ ಬಂದು ಮರಿಯ ಮುಖವನ್ನು ಬೆಳಕಿಗೆ ತಿರುಗಿಸಿದ.

"ಮೂಗಿನ ಮ್ಯಾಲೆ ಬಿಳಿ ಚುಕ್ಕಿ ಐತಿ. ಚಿತ್ತಮ್ಮಗ ಹೇಳು, ಕಳಕೊಂಡ್ರ ಹುಡುಕಾಕ ಬರ್ತೈತಿ."

ಗೇಟಿನಲ್ಲಿ ಹನುಮಂತಯ್ಯ ಶುರುಮಾಡಿದ್ದ. ಒಕಟಿ, ರೆಂಡು, ಮೂಡು. ಗಾಡಿ ಹಳ್ಳ ಇಳಿದು ತಿರುವು ದಾಟುವವರೆಗೂ ಆ ದನಿ ಬೆನ್ನು ಹತ್ತಿ ಬಂತು. ಪಾಲಯ್ಯನವರು ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಎರಡೂ ಅಂಗೈಯಿಂದ ಅದರ ಕಿವಿ ಮುಚ್ಚಿ ಹಿಡಿದರು.